ನ್ಯಾನೋವೈರ್ ಗ್ಯಾಸ್ ಸೆನ್ಸರ್: ತಂತಿಗಿಂತ ಮೊದಲು ಕಾಂಟ್ಯಾಕ್ಟ್ ನೋಡಿ

ಒಂದೇ ಬ್ಯಾಚ್‌ನಲ್ಲಿ ಬೆಳೆಸಿದ ಜಿಂಕ್ ಆಕ್ಸೈಡ್ ನ್ಯಾನೋವೈರ್‌ಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳು. ಒಂದೇ ವಾರ ಮಾಡಿದ ಎರಡು ಚಿಪ್. ಒಂದಕ್ಕೆ ಹೈಡ್ರೋಜನ್ ಬಿಟ್ಟರೆ ಕರೆಂಟ್ ಸರ್ರನೆ ಮೇಲೇರಿತು, ಇನ್ನೊಂದು ಕದಲಲೇ ಇಲ್ಲ. ನಾನು ಮೂರು ವಾರ ತಂತಿಗಳ ಹಿಂದೆಯೇ ಬಿದ್ದಿದ್ದೆ. ದಪ್ಪ ಅಳೆದೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಒಂದೊಂದನ್ನೇ ನೋಡಿದೆ, ತಂತಿ ಬೆಳೆಸಿದ ಫರ್ನೇಸನ್ನೂ ಅನುಮಾನಿಸಿದೆ. ಕೊನೆಗೆ ನೋಟ್‌ಬುಕ್ ತಿರುವಿ ಹಾಕಿದಾಗ ಸಿಕ್ಕ ವ್ಯತ್ಯಾಸ ಒಂದೇ: ತಂತಿಯ ತುದಿಗಳಿಗೆ ಕಾಂಟ್ಯಾಕ್ಟ್ ಲೋಹ ಕೂರಿಸಿದ ಮೇಲೆ ಒಂದು ಚಿಪ್ಪನ್ನು ಅನೀಲ್ ಮಾಡಿದ್ದೆ, ಅಂದರೆ ಹದವಾಗಿ ಬಿಸಿ ಮಾಡಿದ್ದೆ, ಇನ್ನೊಂದನ್ನು ಮಾಡಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವ ಈ ಪಾಡು ನಿಮಗೆ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಸೆನ್ಸರ್ ಎಂದರೆ ತಂತಿ, ಕಾಂಟ್ಯಾಕ್ಟ್ ಎಂದರೆ ಸುಮ್ನೆ ವೈರ್ ಸಿಕ್ಕಿಸುವ ಜಾಗ ಅಂತ ಅಂದುಕೊಳ್ಳಬೇಡಿ. ಎಷ್ಟೋ ಸಲ ಗ್ಯಾಸನ್ನು ಗುರುತಿಸುತ್ತಿರುವುದು ಕಾಂಟ್ಯಾಕ್ಟೇ ಆಗಿರುತ್ತದೆ. ಇನ್ನು ಕೆಲವು ಸಲ ಒಳ್ಳೆಯ ತಂತಿಯ ಸಿಗ್ನಲ್ಲನ್ನು ಕೆಟ್ಟ ಕಾಂಟ್ಯಾಕ್ಟ್ ನುಂಗಿ ಹಾಕಿರುತ್ತದೆ. ನಿಮ್ಮ ಕೈಲಿರುವ ಚಿಪ್ಪಿನಲ್ಲಿ ಎರಡರಲ್ಲಿ ಯಾವುದು ನಡೆಯುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಮುಂದಿನ ಯಾವ ಅಳತೆಗೂ ಅರ್ಥ ಇರುವುದಿಲ್ಲ.

ಎರಡು ಕಡೆ ಎರಡು ಕಥೆ

ಜಿಂಕ್ ಆಕ್ಸೈಡ್, ಟಿನ್ ಆಕ್ಸೈಡ್, ಇಂಡಿಯಂ ಆಕ್ಸೈಡ್ ಇವೆಲ್ಲ ಎನ್-ಟೈಪ್. ಕರೆಂಟ್ ಹೊರುವುದು ಎಲೆಕ್ಟ್ರಾನ್. ಗಾಳಿಯಲ್ಲಿರುವ ಆಕ್ಸಿಜನ್ ತಂತಿಯ ಮೈಗೆ ಅಂಟಿಕೊಂಡು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಮೈಯ ಕೆಳಗೆ, ಕೆಲವು ನ್ಯಾನೋಮೀಟರ್‌ನಿಂದ ಹಿಡಿದು ಕೆಲವು ಹತ್ತು ನ್ಯಾನೋಮೀಟರ್‌ವರೆಗೆ, ಎಲೆಕ್ಟ್ರಾನ್ ಇಲ್ಲದ ಒಂದು ಖಾಲಿ ಪದರ ಆಗುತ್ತದೆ. ಕರೆಂಟ್ ಹರಿಯಲು ನಡುವಿನ ದಾರಿ ಮಾತ್ರ ಉಳಿಯುತ್ತದೆ. ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್, ಆಲ್ಕೋಹಾಲ್ ಆವಿ ಬಂದರೆ ಅವು ಆ ಆಕ್ಸಿಜನ್ ಜೊತೆ ಸೇರಿ ಎಲೆಕ್ಟ್ರಾನನ್ನು ವಾಪಸ್ ಬಿಡಿಸುತ್ತವೆ, ದಾರಿ ಅಗಲವಾಗುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಬಂದರೆ ಇನ್ನಷ್ಟು ಎಲೆಕ್ಟ್ರಾನ್ ಹೋಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಕಾಪರ್ ಆಕ್ಸೈಡ್, ನಿಕಲ್ ಆಕ್ಸೈಡ್‌ನಂಥ ಪಿ-ಟೈಪ್ ತಂತಿಗಳಲ್ಲಿ (ಇವುಗಳಲ್ಲಿ ಕರೆಂಟ್ ಹೊರುವುದು ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ಇದೆಲ್ಲ ತಿರುಗುಮುರುಗು.

ಇದು ತಂತಿಯ ಮೈಯ ಕಥೆ. ತುದಿಯ ಕಥೆ ಬೇರೆ. ಲೋಹ ಮತ್ತು ಸೆಮಿಕಂಡಕ್ಟರ್ ಸೇರುವ ಕಡೆ ಎಲೆಕ್ಟ್ರಾನ್‌ಗೆ ಒಂದು ಗೋಡೆ ಎದ್ದು ನಿಲ್ಲಬಹುದು. 1938ರಲ್ಲಿ ವಾಲ್ಟರ್ ಶಾಟ್ಕಿ ವಿವರಿಸಿದ್ದು ಇದನ್ನೇ, ಹಾಗಾಗಿ ಶಾಟ್ಕಿ ಬ್ಯಾರಿಯರ್ ಅನ್ನುತ್ತೇವೆ. ಗೋಡೆ ತುಂಬ ಗಿಡ್ಡ ಇದ್ದರೆ, ಅಥವಾ ಎಲೆಕ್ಟ್ರಾನ್ ತೂರಿ ಹೋಗುವಷ್ಟು ತೆಳ್ಳಗಿದ್ದರೆ, ಕರೆಂಟ್ ಎರಡೂ ದಿಕ್ಕಿನಲ್ಲಿ ಸಲೀಸಾಗಿ ಹರಿಯುತ್ತದೆ. ಅದು ಓಮಿಕ್ ಕಾಂಟ್ಯಾಕ್ಟ್. ಗೋಡೆ ಎತ್ತರ ಇದ್ದರೆ ಒಂದು ದಿಕ್ಕಿನಲ್ಲಿ ಹರಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಹನಿಹನಿ.

ಗ್ಯಾಸ್ ಈ ಗೋಡೆಯ ಎತ್ತರವನ್ನೇ ಬದಲಿಸಬಲ್ಲದು, ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಏಕೆಂದರೆ ಕರೆಂಟ್ ಗೋಡೆಯ ಎತ್ತರಕ್ಕೆ ಎಕ್ಸ್‌ಪೊನೆನ್ಶಿಯಲ್ ಆಗಿ ಬಗ್ಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಗೋಡೆ ಬರೀ 60 ಮಿಲಿ ಎಲೆಕ್ಟ್ರಾನ್ ವೋಲ್ಟ್ ಇಳಿದರೆ ಸಾಕು, ಕರೆಂಟ್ ಹತ್ತು ಪಟ್ಟು. ತಂತಿಯ ಮೈಯಿಂದ ಹತ್ತು ಪಟ್ಟು ಬದಲಾವಣೆ ತೆಗೆಯಲು ಎಷ್ಟು ಒದ್ದಾಡಬೇಕು ಅಂತ ಆ ಕೆಲಸ ಮಾಡಿದವರಿಗೆ ಗೊತ್ತು.

2009ರಲ್ಲಿ ಜಾರ್ಜಿಯಾ ಟೆಕ್‌ನ ಜಾಂಗ್ ಲಿನ್ ವಾಂಗ್ ಅವರ ತಂಡ ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿತು. ಒಂದೇ ಒಂದು ಜಿಂಕ್ ಆಕ್ಸೈಡ್ ತಂತಿ, ಪ್ಲಾಟಿನಂ ಎಲೆಕ್ಟ್ರೋಡ್‌ಗಳು, ಒಂದು ತುದಿ ಓಮಿಕ್, ಇನ್ನೊಂದು ಶಾಟ್ಕಿ. 275 ಡಿಗ್ರಿ ಸೆಲ್ಸಿಯಸ್‌ನಲ್ಲಿ, ರಿವರ್ಸ್ ಬಯಾಸ್‌ನಲ್ಲಿ (ಅಂದರೆ ಕರೆಂಟ್ ಹನಿಹನಿ ಹರಿಯುವ ದಿಕ್ಕಿನಲ್ಲಿ ವೋಲ್ಟೇಜ್ ಕೊಟ್ಟು), 400 ಪಿಪಿಎಂ (ಹತ್ತು ಲಕ್ಷದಲ್ಲಿ 400 ಪಾಲು) ಕಾರ್ಬನ್ ಮೊನಾಕ್ಸೈಡ್‌ಗೆ 32,000 ಶೇಕಡಾ ಸೆನ್ಸಿಟಿವಿಟಿ ಸಿಕ್ಕಿತು. ಎರಡೂ ತುದಿ ಓಮಿಕ್ ಇದ್ದ ಚಿಪ್ಪಿಗೆ ಹೋಲಿಸಿದರೆ ಹತ್ತು ಸಾವಿರ ಪಟ್ಟಿನ ಲೆಕ್ಕದ ಅಂತರ. ರೆಸ್ಪಾನ್ಸ್ ಸಮಯವೂ ಸುಮಾರು 7 ಪಟ್ಟು ಕಡಿಮೆಯಾಯಿತು. ಎರಡು ಕಡೆಯೂ ಪ್ಲಾಟಿನಂ ಇದ್ದು ಒಂದು ಓಮಿಕ್ ಇನ್ನೊಂದು ಶಾಟ್ಕಿ ಆಯಿತಲ್ವಾ, ಅದನ್ನು ನೆನಪಿಡಿ. ಯಾವ ಲೋಹ ಅನ್ನುವಷ್ಟೇ ಮುಖ್ಯ ಅದನ್ನು ಹೇಗೆ ಕೂರಿಸಿದಿರಿ ಅನ್ನುವುದು.

ಮೊದಲ ಹೆಜ್ಜೆ: ನಿಮಗೆ ಬೇಕಾದ್ದು ಯಾವುದು ಅಂತ ತೀರ್ಮಾನ ಮಾಡಿ

ಮೇಲಿನ ಅಂಕಿ ನೋಡಿ ಎಲ್ಲರೂ ಶಾಟ್ಕಿ ಕಡೆ ಓಡುತ್ತಾರೆ. ಸ್ವಲ್ಪ ತಡೆಯಿರಿ.

ಹೊಸ ಮೆಟೀರಿಯಲ್ ಮಾಡಿದ್ದೀರಿ, ಅದರ ಮೈ ಗ್ಯಾಸಿಗೆ ಹೇಗೆ ಸ್ಪಂದಿಸುತ್ತದೆ ಅಂತ ತಿಳಿಯಬೇಕು ಅಂದರೆ ನಿಮಗೆ ಬೇಕಾಗಿರುವುದು ಓಮಿಕ್, ಎರಡೂ ತುದಿಯಲ್ಲಿ. ಇಲ್ಲದಿದ್ದರೆ ನೀವು ಕಾಂಟ್ಯಾಕ್ಟಿನ ಗುಣ ಅಳೆದು ತಂತಿಯ ಹೆಸರಿನಲ್ಲಿ ಬರೆಯುತ್ತೀರಿ. ಗಾಳಿಯಲ್ಲಿ ವರ್ಷಗಟ್ಟಲೆ ಕೂತು ಒಂದೇ ಸಮ ರೀಡಿಂಗ್ ಕೊಡಬೇಕಾದ ಸೆನ್ಸರ್‌ಗೂ ಓಮಿಕ್ಕೇ ವಾಸಿ, ಅದು ಡ್ರಿಫ್ಟ್ ಆಗುವುದು, ಅಂದರೆ ರೀಡಿಂಗ್ ದಿನ ಕಳೆದಂತೆ ತಾನಾಗಿ ಸರಿಯುವುದು, ಕಡಿಮೆ, ಹತ್ತು ಚಿಪ್ ಮಾಡಿದರೆ ಹತ್ತೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ತೀರಾ ಕಡಿಮೆ ಪ್ರಮಾಣದ ಗ್ಯಾಸ್ ಹಿಡಿಯಬೇಕು, ಬೇಗ ಹಿಡಿಯಬೇಕು, ಅಥವಾ ಹೀಟರ್ ಇಲ್ಲದೆ ಕೋಣೆಯ ಉಷ್ಣತೆಯಲ್ಲೇ ಕೆಲಸ ಆಗಬೇಕು ಅಂದರೆ ಶಾಟ್ಕಿಗೆ ಕೈ ಹಾಕಿ. ಆಗಲೂ ಒಂದೇ ತುದಿ ಶಾಟ್ಕಿ ಇರಲಿ, ಇನ್ನೊಂದು ಓಮಿಕ್.

ಎರಡೂ ತುದಿ ಶಾಟ್ಕಿ ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಸ್ಥಿತಿ. ಎದುರುಬದುರು ಕೂತ ಎರಡು ಡಯೋಡ್ ಅದು. ಯಾವ ಕಡೆ ವೋಲ್ಟೇಜ್ ಕೊಟ್ಟರೂ ಒಂದು ರಿವರ್ಸ್‌ನಲ್ಲೇ ಇರುತ್ತದೆ, ಕರೆಂಟ್ ಏಳುವುದೇ ಇಲ್ಲ, ಯಾವ ಗೋಡೆ ಎಷ್ಟು ಬದಲಾಯಿತು ಅಂತ ಬಿಡಿಸಿ ಹೇಳುವುದು ಕಷ್ಟ. ಗೊತ್ತಿಲ್ಲದೆ ಮಾಡಿದ ಚಿಪ್‌ಗಳಲ್ಲಿ ಜಾಸ್ತಿ ಸಿಗುವುದು ಇದೇ.

ಒಂದು ಸಣ್ಣ ಮಾತು. ಒಂಟಿ ತಂತಿ ಬಿಟ್ಟು ತಂತಿಗಳ ದಟ್ಟ ಚಾಪೆ ಮಾಡಿದ್ದೀರಾದರೆ ಕರೆಂಟ್ ನೂರಾರು ಕಡೆ ತಂತಿಯಿಂದ ತಂತಿಗೆ ದಾಟಬೇಕು, ಆ ದಾಟುವ ಜಾಗಗಳ ಗೋಡೆಗಳೇ ದೊಡ್ಡವಾಗುತ್ತವೆ, ಲೋಹದ ಕಾಂಟ್ಯಾಕ್ಟಿನ ಪಾಲು ಕಡಿಮೆ. ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಒಂಟಿ ತಂತಿಗೆ, ಇಲ್ಲವೇ ಎಲೆಕ್ಟ್ರೋಡಿನಿಂದ ಎಲೆಕ್ಟ್ರೋಡಿಗೆ ನೇರ ಹೋಗುವ ಕೆಲವೇ ತಂತಿಗಳಿಗೆ.

ಲೋಹ ಆರಿಸುವುದು

ಪುಸ್ತಕದ ನಿಯಮ ಸುಲಭ. ಎನ್-ಟೈಪ್ ತಂತಿಗೆ ವರ್ಕ್ ಫಂಕ್ಷನ್ (ಲೋಹದಿಂದ ಎಲೆಕ್ಟ್ರಾನ್ ಹೊರಗೆ ತೆಗೆಯಲು ಬೇಕಾದ ಶಕ್ತಿ) ಕಡಿಮೆ ಇರುವ ಲೋಹ ಹಾಕಿದರೆ ಓಮಿಕ್, ಜಾಸ್ತಿ ಇರುವುದು ಹಾಕಿದರೆ ಶಾಟ್ಕಿ. ಗೋಡೆಯ ಎತ್ತರ ಬೇಕಾದರೆ ಲೋಹದ ವರ್ಕ್ ಫಂಕ್ಷನ್‌ನಿಂದ ಸೆಮಿಕಂಡಕ್ಟರ್‌ನ ಎಲೆಕ್ಟ್ರಾನ್ ಅಫಿನಿಟಿ (ಹೊರಗಿನಿಂದ ಎಲೆಕ್ಟ್ರಾನ್ ಒಳಗೆ ಬಂದಾಗ ಬಿಡುಗಡೆಯಾಗುವ ಶಕ್ತಿ) ಕಳೆಯಿರಿ. ಜಿಂಕ್ ಆಕ್ಸೈಡ್‌ನ ಅಫಿನಿಟಿ ಸುಮಾರು 4.2 ಎಲೆಕ್ಟ್ರಾನ್ ವೋಲ್ಟ್. ವರ್ಕ್ ಫಂಕ್ಷನ್ ಟೈಟಾನಿಯಂಗೆ ಸುಮಾರು 4.3, ಅಲ್ಯೂಮಿನಿಯಂ ಅದರ ಆಸುಪಾಸು. ಚಿನ್ನ 5.1, ಪ್ಲಾಟಿನಂ ಸುಮಾರು 5.6.

ಹಾಗಾದರೆ ಪ್ಲಾಟಿನಂ ಹಾಕಿದರೆ 1.4 ಎಲೆಕ್ಟ್ರಾನ್ ವೋಲ್ಟ್ ಗೋಡೆ ಬರಬೇಕು. ಅಳೆದು ನೋಡಿದರೆ ಸಾಮಾನ್ಯವಾಗಿ 1ಕ್ಕಿಂತ ಕಡಿಮೆಯೇ ಇರುತ್ತದೆ. ತಂತಿಯ ಮೈಯಲ್ಲಿ ಮೊದಲೇ ಇರುವ ದೋಷಗಳು, ಅಂಟಿಕೊಂಡ ನೀರು, ಕೊಳೆ ಎಲ್ಲ ಸೇರಿ ಗೋಡೆಯನ್ನು ಒಂದು ಎತ್ತರಕ್ಕೆ ಕಟ್ಟಿಹಾಕುತ್ತವೆ, ಮೇಲೆ ಯಾವ ಲೋಹ ಬಂದರೂ ಅದು ಅಷ್ಟಾಗಿ ಬಗ್ಗುವುದಿಲ್ಲ. ಮೈಮೇಲಿನ ಈ ಸ್ಥಿತಿಗಳ ಪಾತ್ರವನ್ನು ಜಾನ್ ಬಾರ್ಡೀನ್ 1947ರಲ್ಲೇ ವಿವರಿಸಿದ್ದರು. ನ್ಯಾನೋವೈರ್‌ನಲ್ಲಿ ಒಳಗಿಗಿಂತ ಮೈಯೇ ಜಾಸ್ತಿ, ಹಾಗಾಗಿ ಈ ಕಾಟವೂ ಜಾಸ್ತಿ. ವರ್ಕ್ ಫಂಕ್ಷನ್ ಪಟ್ಟಿಯನ್ನು ದಿಕ್ಕು ತೋರಿಸುವ ಕೈಮರ ಅಂತ ಇಟ್ಟುಕೊಳ್ಳಿ, ದೂರದ ಲೆಕ್ಕ ಅದರಿಂದ ಸಿಗುವುದಿಲ್ಲ.

ನಾನು ಮಾಡುವುದು ಹೀಗೆ. ಓಮಿಕ್ ಬೇಕಾದರೆ ಟೈಟಾನಿಯಂ ಕೆಳಗೆ, ಚಿನ್ನ ಮೇಲೆ. ಟೈಟಾನಿಯಂನ ನಿಜವಾದ ಉಪಕಾರ ಅದರ ವರ್ಕ್ ಫಂಕ್ಷನ್‌ಗಿಂತ ಅದರ ಆಕ್ಸಿಜನ್ ಹಸಿವಿನಲ್ಲಿದೆ. ಬಿಸಿ ಮಾಡಿದಾಗ ಅದು ತಂತಿಯಿಂದ ಆಕ್ಸಿಜನ್ ಎಳೆದುಕೊಳ್ಳುತ್ತದೆ, ಅಲ್ಲಿ ಉಳಿಯುವ ಖಾಲಿ ಜಾಗಗಳು ಎಲೆಕ್ಟ್ರಾನ್ ಕೊಡುತ್ತವೆ, ಕಾಂಟ್ಯಾಕ್ಟಿನ ಕೆಳಗೆ ಗೋಡೆ ತೆಳ್ಳಗಾಗಿ ಎಲೆಕ್ಟ್ರಾನ್ ತೂರಿ ಹೋಗುತ್ತದೆ. ಆದರೆ ಸೆನ್ಸರ್ 300 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ನಡೆಯಬೇಕಾದರೆ ಚಿನ್ನ ಬೇಡ. ಚಿನ್ನ ಬಿಸಿಯಲ್ಲಿ ಸರಿದಾಡುತ್ತದೆ, ಕೆಳಗಿನ ಟೈಟಾನಿಯಂ ನಿಧಾನಕ್ಕೆ ಆಕ್ಸೈಡ್ ಆಗುತ್ತದೆ, ಕೊನೆಗೆ ಓಮಿಕ್ ಕಾಂಟ್ಯಾಕ್ಟ್ ಓಮಿಕ್ ಆಗಿ ಉಳಿಯುವುದಿಲ್ಲ. ಅಂಥ ಕಡೆ ಮೇಲಿನ ಪದರಕ್ಕೆ ಪ್ಲಾಟಿನಂ ಹಾಕಿ.

ಶಾಟ್ಕಿಗೆ ಪ್ಲಾಟಿನಂ, ಚಿನ್ನ ಅಥವಾ ಪಲ್ಲಾಡಿಯಂ, ತಂತಿಯ ಮೇಲೆ ನೇರವಾಗಿ, ನಡುವೆ ಟೈಟಾನಿಯಂ ಅಥವಾ ಕ್ರೋಮಿಯಂ ಅಂಟು ಪದರ ಇಲ್ಲದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಗಾಜಿನ ಮೇಲೆ, ಸಿಲಿಕಾನ್ ಆಕ್ಸೈಡ್ ಮೇಲೆ ಚಿನ್ನ ನಿಲ್ಲುವುದಿಲ್ಲ ಅಂತ ಅಭ್ಯಾಸಬಲದಿಂದ 5 ನ್ಯಾನೋಮೀಟರ್ ಟೈಟಾನಿಯಂ ಹಾಕಿಬಿಡುತ್ತಾರೆ. ಆಗ ತಂತಿ ಮುಟ್ಟುವುದು ಟೈಟಾನಿಯಂ, ಚಿನ್ನ ಅಲ್ಲ. ಮೊದಲು ಎಲೆಕ್ಟ್ರೋಡ್ ಮಾಡಿ ಅದರ ಮೇಲೆ ತಂತಿ ಮಲಗಿಸಿದರೆ ಈ ತೊಂದರೆ ಇಲ್ಲ, ಅಂಟು ಪದರ ಕೆಳಗೇ ಉಳಿಯುತ್ತದೆ.

ಹೈಡ್ರೋಜನ್ ನಿಮ್ಮ ಗುರಿಯಾದರೆ ಪಲ್ಲಾಡಿಯಂ ಬಿಟ್ಟು ಬೇರೆ ಕಡೆ ನೋಡಬೇಡಿ. ಹೈಡ್ರೋಜನ್ ಅಣು ಪಲ್ಲಾಡಿಯಂ ಮೇಲೆ ಒಡೆದು ಪರಮಾಣು ಆಗುತ್ತದೆ, ಲೋಹದ ಒಳಗೆ ಇಳಿದು ಲೋಹ ಮತ್ತು ಸೆಮಿಕಂಡಕ್ಟರ್ ಸೇರುವ ಗಡಿಯಲ್ಲಿ ಸಾಲುಗಟ್ಟಿ ಕೂರುತ್ತದೆ, ಗೋಡೆ ಇಳಿಯುತ್ತದೆ. ಸ್ವೀಡನ್ನಿನ ಇಂಗೆಮಾರ್ ಲುಂಡ್‌ಸ್ಟ್ರೋಮ್ ಮತ್ತು ಜೊತೆಗಾರರು 1975ರಲ್ಲಿ ಪಲ್ಲಾಡಿಯಂ ಗೇಟ್ ಇರುವ ಟ್ರಾನ್ಸಿಸ್ಟರಿನಿಂದ ಹೈಡ್ರೋಜನ್ ಹಿಡಿದದ್ದು ಇದೇ ಉಪಾಯದಿಂದ.

ಲೋಹ ಕೂರಿಸುವ ಮುಂಚೆ, ಕೂರಿಸಿದ ಮೇಲೆ

ತಂತಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಲಸಿ ಚಿಪ್ ಮೇಲೆ ಹನಿ ಬಿಟ್ಟು, ರೆಸಿಸ್ಟ್ (ಬೆಳಕು ಅಥವಾ ಎಲೆಕ್ಟ್ರಾನ್ ಕಿರಣಕ್ಕೆ ಬದಲಾಗುವ ಲೇಪ) ಬಳಿದು, ಲಿಥೋಗ್ರಫಿಯಿಂದ ಅದರಲ್ಲಿ ಎಲೆಕ್ಟ್ರೋಡಿನ ಆಕಾರ ಮೂಡಿಸಿ, ಡೆವಲಪ್ ಮಾಡಿದ ಮೇಲೆ ಕಾಂಟ್ಯಾಕ್ಟ್ ಬರುವ ಕಿಟಕಿ ತೆರೆದಿದೆ ಅಂತ ನಿಮಗೆ ಅನಿಸುತ್ತದೆ. ಅಲ್ಲಿ ಒಂದೆರಡು ನ್ಯಾನೋಮೀಟರ್ ರೆಸಿಸ್ಟಿನ ಪೊರೆ ಇನ್ನೂ ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಎಲೆಕ್ಟ್ರಾನ್‌ಗೆ ಅದೇ ಒಂದು ಗೋಡೆ. ಓಮಿಕ್ ಬೇಕಾದರೆ ಲೋಹ ಹಾಕುವ ಸ್ವಲ್ಪ ಮುಂಚೆ ಕೆಲವೇ ಸೆಕೆಂಡ್ ಆರ್ಗಾನ್ ಪ್ಲಾಸ್ಮಾ ಕೊಡಿ. ಅದು ಪೊರೆ ತೆಗೆಯುತ್ತದೆ, ತಂತಿಯ ಮೈಯಲ್ಲಿ ಒಂದಿಷ್ಟು ಆಕ್ಸಿಜನ್ನನ್ನೂ ಕೀಳುತ್ತದೆ, ಎರಡೂ ಓಮಿಕ್‌ಗೆ ಒಳ್ಳೆಯದೇ. ಶಾಟ್ಕಿ ಬೇಕಾದರೆ ಆಕ್ಸಿಜನ್ ಪ್ಲಾಸ್ಮಾ, ಅದೂ ಮೆತ್ತಗೆ. ಅದು ಮೈಯಲ್ಲಿರುವ ಆಕ್ಸಿಜನ್ ಖಾಲಿಗಳನ್ನು ತುಂಬುತ್ತದೆ, ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ. ಜಾಸ್ತಿ ಹೊತ್ತು ಕೊಟ್ಟರೆ ತಂತಿಯೇ ಸವೆಯುತ್ತದೆ.

ಆಮೇಲೆ ಅನೀಲ್. ನನ್ನ ಎರಡು ಚಿಪ್‌ಗಳ ಗುಟ್ಟು ಇದೇ. ಎರಡಕ್ಕೂ ಟೈಟಾನಿಯಂ ಮತ್ತು ಚಿನ್ನ. ಅನೀಲ್ ಮಾಡಿದ್ದು ನೆಟ್ಟಗೆ ಓಮಿಕ್ ಆಗಿತ್ತು, ಹೈಡ್ರೋಜನ್ನಿಗೆ ಕದಲಲಿಲ್ಲ, ಏಕೆಂದರೆ ನನ್ನ ತಂತಿ ದಪ್ಪ, ಖಾಲಿ ಪದರ ತೆಳ್ಳಗೆ, ಮೈಯಲ್ಲಿ ಏನಾದರೂ ನಡುವಿನ ದಾರಿಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅನೀಲ್ ಮಾಡದ್ದರಲ್ಲಿ ಗೋಡೆ ಉಳಿದಿತ್ತು, ಗ್ಯಾಸಿಗೆ ಸ್ಪಂದಿಸಿದ್ದು ಆ ಗೋಡೆ. ಅದೇ ಚಿಪ್ಪನ್ನು ಆಮೇಲೆ ಅನೀಲ್ ಮಾಡಿ ನೋಡಿದೆ. ಕರೆಂಟ್ ಏರಿತು, ರೆಸ್ಪಾನ್ಸ್ ಮಾಯವಾಯಿತು. ಅವತ್ತು ಬಂದ ನೆಮ್ಮದಿ ಇನ್ನೂ ನೆನಪಿದೆ.

ಟೈಟಾನಿಯಂ ಮತ್ತು ಚಿನ್ನಕ್ಕೆ ನೈಟ್ರೋಜನ್‌ನಲ್ಲಿ 300 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ನಿಮಿಷದಿಂದ ಶುರು ಮಾಡಿ. ಪ್ರತಿ ಸಲ ಅಳೆಯಿರಿ, ಬೇಕಾದರೆ ಸ್ವಲ್ಪ ಏರಿಸಿ. ಶಾಟ್ಕಿ ತುದಿ ಇರುವ ಚಿಪ್ಪಿಗೆ ಕ್ರಮ ಮುಖ್ಯ: ಮೊದಲು ಓಮಿಕ್ ತುದಿ ಮಾಡಿ ಅನೀಲ್ ಮುಗಿಸಿ, ಆಮೇಲೆ ಶಾಟ್ಕಿ ಲೋಹ ಹಾಕಿ. ಹಿಂದುಮುಂದು ಮಾಡಿದರೆ ಕಷ್ಟಪಟ್ಟು ಕಟ್ಟಿದ ಗೋಡೆ ಅನೀಲ್‌ನಲ್ಲೇ ಕುಸಿಯುತ್ತದೆ.

ಫೋಕಸ್ಡ್ ಅಯಾನ್ ಬೀಮ್‌ನಿಂದ ಪ್ಲಾಟಿನಂ ಗೀಚಿ ಕಾಂಟ್ಯಾಕ್ಟ್ ಮಾಡುವವರಿಗೆ ಒಂದು ಎಚ್ಚರಿಕೆ. ಅದು ಶುದ್ಧ ಪ್ಲಾಟಿನಂ ಅಲ್ಲ, ಕಾರ್ಬನ್ ತುಂಬ ಇರುತ್ತದೆ, ಬೀಮಿನ ಗ್ಯಾಲಿಯಂ ಅಯಾನುಗಳು ತಂತಿಯ ಒಳಗೂ ಹೋಗಿ ಕೂರುತ್ತವೆ. ಹಾಗಾಗಿ ಪ್ಲಾಟಿನಂ ಹಾಕಿದರೂ ಅದು ಓಮಿಕ್ ಥರ ನಡೆದುಕೊಳ್ಳಬಹುದು. ಬೇಕಂತಲೇ ಓಮಿಕ್ ತುದಿ ಮಾಡಲು ಇದನ್ನು ಬಳಸಿಕೊಳ್ಳಬಹುದು. ಬೇಡದ ಕಡೆ ಬಂದರೆ ಕೈ ಕೊಡುತ್ತದೆ.

ಐ-ವಿ ಗ್ರಾಫ್: ಗ್ಯಾಸ್ ಬಿಡುವ ಮುಂಚೆ

ಪ್ರೋಬ್ ಇಳಿಸುವ ಮುಂಚೆ ಕೈಗೆ ಗ್ರೌಂಡ್ ಪಟ್ಟಿ ಕಟ್ಟಿ. ಸ್ಟ್ಯಾಟಿಕ್ ಕರೆಂಟಿಗೆ ಒಂಟಿ ತಂತಿ ತಡೆಯುವುದಿಲ್ಲ, ಒಂದು ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಕೇಬಲ್ ಬದಲಿಸುವಾಗ ಎರಡು ಪ್ಯಾಡ್‌ಗಳನ್ನೂ ಗ್ರೌಂಡಿಗೆ ಸೇರಿಸಿಡಿ. ಐ-ವಿ ಅಂದರೆ ವೋಲ್ಟೇಜ್ ಬದಲಿಸುತ್ತ ಕರೆಂಟ್ ಅಳೆದು ಎಳೆದ ಗೆರೆ. ಮೊದಲ ಸ್ವೀಪ್, ಅಂದರೆ ವೋಲ್ಟೇಜ್ ಬದಲಿಸುವ ಒಂದು ಸುತ್ತು, ಕೆಲವು ಹತ್ತು ಮಿಲಿವೋಲ್ಟ್ ಸಾಕು, ಆಮೇಲೆ ನಿಧಾನಕ್ಕೆ 1 ವೋಲ್ಟ್‌ವರೆಗೆ. ಮೈನಸ್‌ನಿಂದ ಪ್ಲಸ್‌ಗೆ, ಮತ್ತೆ ವಾಪಸ್. ಹೋಗುವ ಗೆರೆ ಬರುವ ಗೆರೆ ಬೇರೆಬೇರೆ ಆದರೆ ಎಲ್ಲೋ ಚಾರ್ಜ್ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ, ಸ್ವೀಪ್ ನಿಧಾನ ಮಾಡಿ.

ಕತ್ತಲಲ್ಲಿ ಅಳೆಯಿರಿ. ಜಿಂಕ್ ಆಕ್ಸೈಡ್ ಬ್ಯಾಂಡ್ ಗ್ಯಾಪ್ (ಕಟ್ಟಿಕೊಂಡ ಎಲೆಕ್ಟ್ರಾನನ್ನು ಓಡಾಡಲು ಬಿಡಿಸಲು ಬೇಕಾದ ಶಕ್ತಿ) ಸುಮಾರು 3.37 ಎಲೆಕ್ಟ್ರಾನ್ ವೋಲ್ಟ್, ಬಿಸಿಲಿನಲ್ಲಿರುವ ಅಲ್ಟ್ರಾವಯಲೆಟ್ ಬಿದ್ದರೆ ಸಾಕು ಕರೆಂಟ್ ಏರುತ್ತದೆ, ಬೆಳಕು ತೆಗೆದ ಮೇಲೂ ಗಂಟೆಗಟ್ಟಲೆ ಇಳಿಯುವುದಿಲ್ಲ.

ಗೆರೆ ನೇರ ಇದ್ದರೆ ಓಮಿಕ್. ಒಂದು ಕಡೆ ಏರಿ ಇನ್ನೊಂದು ಕಡೆ ಮಲಗಿದರೆ ಒಂದು ತುದಿ ಶಾಟ್ಕಿ. ಎರಡೂ ಕಡೆ ಶುರುವಿನಲ್ಲಿ ಮಲಗಿ ಆಮೇಲೆ ಬಾಗಿ ಏಳುತ್ತಿದ್ದರೆ ಎರಡೂ ತುದಿ ಶಾಟ್ಕಿ. ಇದನ್ನು ಸೆನ್ಸರ್ ನಡೆಯುವ ಉಷ್ಣತೆಯಲ್ಲೇ ನೋಡಬೇಕು. ಕೋಣೆಯಲ್ಲಿ ಚೆನ್ನಾಗಿ ಬಾಗಿದ ಗೆರೆ 300 ಡಿಗ್ರಿಯಲ್ಲಿ ಬಹುತೇಕ ನೆಟ್ಟಗಾಗಬಹುದು, ಬಿಸಿಗೆ ಎಲೆಕ್ಟ್ರಾನ್ ಗೋಡೆ ಹಾರಿಬಿಡುತ್ತದೆ. 275 ಡಿಗ್ರಿಯಲ್ಲಿ ಕರೆಂಟ್ ಹತ್ತು ಪಟ್ಟು ಆಗಲು ಗೋಡೆ ಸುಮಾರು 110 ಮಿಲಿ ಎಲೆಕ್ಟ್ರಾನ್ ವೋಲ್ಟ್ ಇಳಿಯಬೇಕು, ಕೋಣೆಯ ಉಷ್ಣತೆಯಲ್ಲಿ ಸಾಕಾಗುವುದರ ಹೆಚ್ಚುಕಡಿಮೆ ಎರಡು ಪಟ್ಟು. ಹೀಟರ್ ಏರಿಸಿದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಶಾಟ್ಕಿಗೆ ಹೊಂದುವುದಿಲ್ಲ.

ಮಲ್ಟಿಮೀಟರ್ ಬಗ್ಗೆ ಎರಡು ಮಾತು. 100 ನ್ಯಾನೋಮೀಟರ್ ದಪ್ಪ, 5 ಮೈಕ್ರೋಮೀಟರ್ ಉದ್ದದ ತಂತಿ, ರೆಸಿಸ್ಟಿವಿಟಿ 1 ಓಮ್ ಸೆಂಟಿಮೀಟರ್ ಅಂದುಕೊಳ್ಳಿ. ರೆಸಿಸ್ಟೆನ್ಸ್ 6.4 ಮೆಗಾಓಮ್ ಬರುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್. ತಂತಿಗೆ ಅಡ್ಡಲಾಗಿ ಅದನ್ನು ಸಿಕ್ಕಿಸಿ ವೋಲ್ಟೇಜ್ ಅಳೆದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕರೆಂಟ್ ಮೀಟರಿನ ಮೂಲಕವೇ ಹೋಗುತ್ತದೆ. ಒಳ್ಳೆಯ ಎಲೆಕ್ಟ್ರೋಮೀಟರ್ ಅಥವಾ ಸೋರ್ಸ್ ಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಸಿಗ್ನಲ್ ಬರುತ್ತಿರುವುದು ಎಲ್ಲಿಂದ?

ನನಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಅನಿಸುವ ಹೆಜ್ಜೆ ಇದು. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಮೊದಲು ಕಾಂಟ್ಯಾಕ್ಟ್ ಸಿಗ್ನಲ್ ನುಂಗುವುದು ಹೇಗೆ ಅಂತ ನೋಡಿ. ತಂತಿ 1 ಮೆಗಾಓಮ್, ಎರಡು ಕಾಂಟ್ಯಾಕ್ಟ್ ಸೇರಿ 9 ಮೆಗಾಓಮ್, ಕಾಂಟ್ಯಾಕ್ಟ್ ಗ್ಯಾಸಿಗೆ ಸ್ಪಂದಿಸುವುದಿಲ್ಲ ಅಂತಿಟ್ಟುಕೊಳ್ಳಿ. ಗ್ಯಾಸ್ ಬಂದು ತಂತಿ ಹತ್ತು ಪಟ್ಟು ಇಳಿದು 0.1 ಆಯಿತು. ಒಟ್ಟು 10 ಇದ್ದದ್ದು 9.1. ನಿಮಗೆ ಕಾಣುವ ರೆಸ್ಪಾನ್ಸ್ ಬರೀ 1.1 ಪಟ್ಟು. ತಂತಿ ಅದ್ಭುತವಾಗಿ ಕೆಲಸ ಮಾಡಿದೆ, ಆದರೆ ನೀವು ಆ ಮೆಟೀರಿಯಲ್ ಪ್ರಯೋಜನ ಇಲ್ಲ ಅಂತ ಬದಿಗಿಡುತ್ತೀರಿ. ಎಷ್ಟು ಒಳ್ಳೆಯ ತಂತಿಗಳು ಹೀಗೆ ಕಸದ ಬುಟ್ಟಿ ಸೇರಿರಬಹುದು ಅಂತ ಯೋಚಿಸಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇದನ್ನು ಬಿಡಿಸಿ ನೋಡಲು ನಾನು ನಂಬುವ ದಾರಿ ಉದ್ದ ಬದಲಿಸಿ ಅಳೆಯುವುದು. ಒಂದೇ ದಪ್ಪದ ತಂತಿಯ ಮೇಲೆ 2, 4, 6 ಮೈಕ್ರೋಮೀಟರ್ ಅಂತರದಲ್ಲಿ ಎಲೆಕ್ಟ್ರೋಡ್ ಹಾಕಿ. ಗಾಳಿಯಲ್ಲಿ 5, 6, 7 ಮೆಗಾಓಮ್ ಬಂತು ಅನ್ನಿ. ಗೆರೆ ಎಳೆದು ಉದ್ದ ಸೊನ್ನೆಗೆ ತಂದರೆ 4 ಮೆಗಾಓಮ್ ಉಳಿಯುತ್ತದೆ. ಅದು ಕಾಂಟ್ಯಾಕ್ಟ್. ಇಳಿಜಾರು, ಅಂದರೆ ಪ್ರತಿ ಮೈಕ್ರೋಮೀಟರಿಗೆ 0.5, ಅದು ತಂತಿ. ಈಗ ಗ್ಯಾಸ್ ಬಿಟ್ಟು ಮತ್ತೆ ಮೂರೂ ಅಳೆಯಿರಿ. 4.2, 4.4, 4.6 ಬಂದರೆ ಸೊನ್ನೆಯಲ್ಲಿ ಉಳಿಯುವುದು ಅದೇ 4, ಇಳಿಜಾರು 0.1 ಆಗಿದೆ, ಅಂದರೆ ತಂತಿ ಐದು ಪಟ್ಟು ಬದಲಾಗಿದೆ, ಕಾಂಟ್ಯಾಕ್ಟ್ ಸುಮ್ಮನಿದೆ. 2, 3, 4 ಬಂದರೆ ಇಳಿಜಾರು ಹಾಗೇ ಇದೆ, ಸೊನ್ನೆಯ ಬೆಲೆ 4ರಿಂದ 1ಕ್ಕೆ ಬಿದ್ದಿದೆ, ಗ್ಯಾಸ್ ಹಿಡಿದದ್ದು ಪೂರ್ತಿ ಕಾಂಟ್ಯಾಕ್ಟೇ. ಮೂರು ಚುಕ್ಕೆ, ಒಂದು ಗೆರೆ, ಅಷ್ಟರಲ್ಲಿ ಉತ್ತರ ಸಿಗುತ್ತದೆ. ಐ-ವಿ ಬಾಗಿರುವ ಚಿಪ್ಪಿನಲ್ಲಿ ಮಾತ್ರ ರೆಸಿಸ್ಟೆನ್ಸ್ ವೋಲ್ಟೇಜ್ ಮೇಲೆ ನಿಂತಿರುವುದರಿಂದ ಈ ಲೆಕ್ಕ ಅಷ್ಟು ನೇರವಾಗಿ ಬರುವುದಿಲ್ಲ. ಅಲ್ಲಿಗೆ ಮುಂದಿನ ಉಪಾಯ ಇದೆ.

ಎಲೆಕ್ಟ್ರೋಡ್ ಎರಡೇ ಇದ್ದರೆ ರೆಸ್ಪಾನ್ಸನ್ನು ಬೇರೆಬೇರೆ ವೋಲ್ಟೇಜಿನಲ್ಲಿ ಅಳೆಯಿರಿ, ಪ್ಲಸ್ ಮೈನಸ್ ಎರಡೂ ಕಡೆ. ತಂತಿಯದ್ದೇ ಸಿಗ್ನಲ್ ಆದರೆ ಎಲ್ಲ ವೋಲ್ಟೇಜಿನಲ್ಲೂ ಒಂದೇ ಪಟ್ಟು ಬದಲಾವಣೆ ಕಾಣುತ್ತದೆ. ಒಂದು ದಿಕ್ಕಿನಲ್ಲಿ ಮೂವತ್ತು ಪಟ್ಟು, ಇನ್ನೊಂದು ದಿಕ್ಕಿನಲ್ಲಿ ಎರಡು ಪಟ್ಟು ಬಂದರೆ ಕೆಲಸ ಮಾಡುತ್ತಿರುವುದು ಗೋಡೆ. ರೆಸಿಸ್ಟೆನ್ಸ್ ಏರಿತೋ ಇಳಿಯಿತೋ ಅನ್ನುವುದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಎನ್-ಟೈಪ್‌ನಲ್ಲಿ ನೈಟ್ರೋಜನ್ ಡೈಆಕ್ಸೈಡ್ ತಂತಿಯ ರೆಸಿಸ್ಟೆನ್ಸನ್ನೂ ಏರಿಸುತ್ತದೆ, ಗೋಡೆಯನ್ನೂ ಏರಿಸುತ್ತದೆ, ಎರಡೂ ಒಂದೇ ಕಡೆ.

ಇನ್ನೂ ಅನುಮಾನ ಇದ್ದರೆ ಮುಚ್ಚಿ ನೋಡಿ. ಒಂದು ಚಿಪ್ಪಿನಲ್ಲಿ ಕಾಂಟ್ಯಾಕ್ಟ್ ಜಾಗಗಳನ್ನು ಮಾತ್ರ ಅಲ್ಯೂಮಿನಾ ಅಥವಾ ಸಿಲಿಕಾನ್ ಆಕ್ಸೈಡ್‌ನಿಂದ ಮುಚ್ಚಿ, ತಂತಿ ಬಯಲಿಗೆ ಬಿಡಿ. ಇನ್ನೊಂದರಲ್ಲಿ ತಂತಿ ಮುಚ್ಚಿ ಕಾಂಟ್ಯಾಕ್ಟ್ ಬಿಡಿ. ಕೋಣೆಯ ಉಷ್ಣತೆಯಲ್ಲೇ ಅಳೆಯುವುದಾದರೆ ಪಿಎಂಎಂಎ ಎಂಬ ಪ್ಲಾಸ್ಟಿಕ್ ಸಾಕು, ಆದರೆ ಸುಮಾರು 105 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತದೆ. ಓಮಿಕ್ ಚಿಪ್ಪಿಗೆ ಕಾಂಟ್ಯಾಕ್ಟ್ ಮುಚ್ಚುವುದು ಪರೀಕ್ಷೆಗೆ ಮಾತ್ರ ಅಲ್ಲ, ಹಾಗೇ ಇಟ್ಟರೂ ಒಳ್ಳೆಯದು. ಡ್ರಿಫ್ಟ್ ಕಡಿಮೆಯಾಗುತ್ತದೆ.

ಯಾವ ವೋಲ್ಟೇಜಿನಲ್ಲಿ ನಡೆಸುವುದು

ಓಮಿಕ್ ಚಿಪ್ಪಿಗೆ ಇದು ದೊಡ್ಡ ಪ್ರಶ್ನೆಯೇ ಅಲ್ಲ. ತಂತಿ ಬಿಸಿಯಾಗದಷ್ಟು ಕಡಿಮೆ, ಕರೆಂಟ್ ನಾಯ್ಸ್‌ನಿಂದ ಮೇಲೆ ಕಾಣುವಷ್ಟು ಜಾಸ್ತಿ. ಎರಡು ಕಂಬದ ನಡುವೆ ತೂಗಾಡುವ ಸಣ್ಣ ತಂತಿಯಾದರೆ ಕೆಲವು ಹತ್ತು ಮೈಕ್ರೋವ್ಯಾಟ್ ಸಾಕು, ನೂರಾರು ಡಿಗ್ರಿ ಬಿಸಿಯಾಗುತ್ತದೆ. 100 ಕಿಲೋಓಮ್ ತಂತಿಗೆ 2 ವೋಲ್ಟ್ ಕೊಟ್ಟರೆ 40 ಮೈಕ್ರೋವ್ಯಾಟ್ ಆಯಿತು, ಲೆಕ್ಕ ಹಾಕಿಕೊಳ್ಳಿ.

ಶಾಟ್ಕಿಗೆ ಇದೇ ಪ್ರಾಣ. ಫಾರ್ವರ್ಡ್‌ನಲ್ಲಿ ವೋಲ್ಟೇಜ್ ಏರಿಸಿದ ಹಾಗೆ ಗೋಡೆ ಕರಗಿ ಕರೆಂಟನ್ನು ತಂತಿಯೇ ತಡೆಯಲು ಶುರು ಮಾಡುತ್ತದೆ, ಗೋಡೆಯ ಲಾಭ ಹೋಯಿತು. ರಿವರ್ಸ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಗೋಡೆಯ ಮೇಲೇ ಬೀಳುತ್ತದೆ, ಗೋಡೆ ಸ್ವಲ್ಪ ಕದಲಿದರೂ ಕರೆಂಟ್ ಕುಣಿಯುತ್ತದೆ. ಹಾಗಾಗಿ ರಿವರ್ಸ್ ಬಯಾಸ್. ಎಷ್ಟು? 0.2, 0.5, 1 ವೋಲ್ಟ್ ಹೀಗೆ ಕೆಲವು ಕಡೆ ಗ್ಯಾಸಿನ ರೆಸ್ಪಾನ್ಸ್ ಅಳೆಯಿರಿ, ಜೊತೆಗೆ ಗಾಳಿಯಲ್ಲಿ ಹತ್ತು ನಿಮಿಷ ಸುಮ್ನೆ ಬಿಟ್ಟು ಬೇಸ್‌ಲೈನ್ ಎಷ್ಟು ಅಲುಗುತ್ತದೆ ಅಂತಲೂ ಬರೆದುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಎಲ್ಲಿ ದೊಡ್ಡದು ಬರುತ್ತದೋ ಅದೇ ನಿಮ್ಮ ವೋಲ್ಟೇಜ್.

ಭಾಗಿಸುವುದನ್ನು ಮಾತ್ರ ಬಿಡಬೇಡಿ. ಶಾಟ್ಕಿ ಕಾಂಟ್ಯಾಕ್ಟಿನಲ್ಲಿ ರೆಸ್ಪಾನ್ಸ್ ದೊಡ್ಡದು, ಕಡಿಮೆ ಫ್ರೀಕ್ವೆನ್ಸಿಯ ನಾಯ್ಸ್ ಕೂಡ ಸಾಮಾನ್ಯವಾಗಿ ದೊಡ್ಡದು. ಎಷ್ಟು ಕಡಿಮೆ ಗ್ಯಾಸ್ ಹಿಡಿಯಬಹುದು ಅನ್ನುವುದನ್ನು ತೀರ್ಮಾನಿಸುವುದು ಇವೆರಡರ ಅನುಪಾತ. ನೂರು ಪಟ್ಟು ರೆಸ್ಪಾನ್ಸ್ ಇದ್ದೂ ಬೇಸ್‌ಲೈನ್ ಹತ್ತು ಪಟ್ಟು ಓಲಾಡಿದರೆ ಆ ನೂರಕ್ಕೆ ಬೆಲೆ ಎಲ್ಲಿದೆ?

ಗ್ಯಾಸ್ ಪರೀಕ್ಷೆ

ಒಟ್ಟು ಫ್ಲೋ ಬದಲಾಗದ ಹಾಗೆ ನೋಡಿಕೊಳ್ಳಿ. ಗ್ಯಾಸ್ ಸೇರಿಸಿದಷ್ಟು ಒಣ ಗಾಳಿ ಕಡಿಮೆ ಮಾಡಿ. ಇಲ್ಲದಿದ್ದರೆ ಫ್ಲೋ ಬದಲಾದಾಗ ಚಿಪ್ ತಣ್ಣಗಾಗಿ ಕರೆಂಟ್ ಬದಲಾಗುತ್ತದೆ, ನೀವು ಅದನ್ನು ಗ್ಯಾಸ್ ಅಂದುಕೊಳ್ಳುತ್ತೀರಿ. ಗ್ಯಾಸ್ ಸೇರಿಸದೆ ವಾಲ್ವ್ ಮಾತ್ರ ತಿರುಗಿಸಿ ಒಂದು ಸುಳ್ಳು ಪರೀಕ್ಷೆ ಮಾಡಿ, ಆಗ ಏನೂ ಆಗಬಾರದು.

ಮೂರು ಸಲ ಗ್ಯಾಸ್, ಮೂರು ಸಲ ಗಾಳಿ. ಅಂತಿಮ ಮಟ್ಟದ 90 ಶೇಕಡಾ ಮುಟ್ಟಲು ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳಿ, ವಾಪಸ್ ಬರುವುದಕ್ಕೂ ಅಷ್ಟೇ. ಶಾಟ್ಕಿ ಸಾಮಾನ್ಯವಾಗಿ ಬೇಗ ಮುಟ್ಟುತ್ತದೆ, ಬದಲಾಗಬೇಕಾದ್ದು ಕಾಂಟ್ಯಾಕ್ಟಿನ ಸುತ್ತಲಿನ ಸಣ್ಣ ಜಾಗ ಮಾತ್ರ, ಇಡೀ ತಂತಿಯ ಮೈ ತುಂಬುವವರೆಗೆ ಕಾಯಬೇಕಾಗಿಲ್ಲ.

ಆಮೇಲೆ ಗಾಳಿಗೆ ತೇವ ಸೇರಿಸಿ ಮತ್ತೆ ಅದೇ ಪರೀಕ್ಷೆ. ನೀರಿನ ಆವಿ ತಂತಿಯ ಮೈಯಲ್ಲೂ ಗೋಡೆಯ ಅಂಚಿನಲ್ಲೂ ಕೂರುತ್ತದೆ. ಒಣ ಗಾಳಿಯಲ್ಲಿ ಮಿಂಚಿದ ಶಾಟ್ಕಿ ಚಿಪ್ ತೇವದಲ್ಲಿ ಮಂಕಾದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದನ್ನು ಅಳೆಯದೆ ಸೆನ್ಸರ್ ಸಿದ್ಧವಾಯಿತು ಅನ್ನಬೇಡಿ.

ಬಗ್ಗುವ ಪ್ಲಾಸ್ಟಿಕ್ ಮೇಲೆ ಜಿಂಕ್ ಆಕ್ಸೈಡ್ ಚಿಪ್ ಮಾಡುವವರು ಇನ್ನೊಂದನ್ನು ನೋಡಿಕೊಳ್ಳಿ. ಜಿಂಕ್ ಆಕ್ಸೈಡ್ ಪೀಜೋಎಲೆಕ್ಟ್ರಿಕ್, ತಂತಿ ಬಗ್ಗಿದರೆ ತುದಿಯಲ್ಲಿ ಚಾರ್ಜ್ ಹುಟ್ಟಿ ಗೋಡೆಯ ಎತ್ತರವನ್ನೇ ಬದಲಿಸುತ್ತದೆ. ಗ್ಯಾಸ್ ಇಲ್ಲದೆಯೇ ರೀಡಿಂಗ್ ಬರುತ್ತದೆ.

ಕೊನೆಯದಾಗಿ ನೋಟ್‌ಬುಕ್. ಯಾವ ಪ್ಯಾಡ್ ಓಮಿಕ್, ಯಾವುದು ಶಾಟ್ಕಿ, ಪ್ಲಸ್ ಯಾವುದಕ್ಕೆ ಕೊಟ್ಟಿದ್ದೀರಿ ಅಂತ ಚಿಪ್ಪಿನ ಚಿತ್ರ ಬರೆದು ಗುರುತು ಹಾಕಿ. ಅನೀಲ್ ಯಾವಾಗ, ಎಷ್ಟು ಡಿಗ್ರಿ, ಯಾವ ಗ್ಯಾಸಿನಲ್ಲಿ ಅಂತ ಪಕ್ಕದಲ್ಲೇ ಬರೆಯಿರಿ. ವಾರಕ್ಕೊಮ್ಮೆ ಒಣ ಗಾಳಿಯಲ್ಲಿ, ಅದೇ ಉಷ್ಣತೆಯಲ್ಲಿ, ಒಂದು ಐ-ವಿ ತೆಗೆದು ಹಳೆಯ ಗೆರೆಯ ಮೇಲೆ ಇಟ್ಟು ನೋಡಿ. ಓಮಿಕ್ ಚಿಪ್ಪಿನ ಗೆರೆ ಬಾಗಲು ಶುರುವಾದರೆ ಕಾಂಟ್ಯಾಕ್ಟ್ ಆಕ್ಸೈಡ್ ಆಗುತ್ತಿರಬಹುದು. ಶಾಟ್ಕಿ ಚಿಪ್ಪಿನ ಗೆರೆ ನೆಟ್ಟಗಾಗುತ್ತಿದ್ದರೆ ಗೋಡೆ ಕುಸಿಯುತ್ತಿದೆ. ಗೆರೆಯ ಆಕಾರ ಹಾಗೇ ಇದ್ದು ಎರಡೂ ಕಡೆ ಒಂದೇ ಪಟ್ಟು ಕೆಳಗಿಳಿದಿದ್ದರೆ ಮಾತ್ರ ತಂತಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಡಿ.